ರಾತ್ರಿ ಕುದುರೆಗೆ ಹೊಟ್ಟೆಶೂಲೆ ಬಂದರೆ 1962 ಸಾಕೇ?

ಜಟಕಾಮನೆ, ಮೈಸೂರು

ನಮ್ಮದು ಅಜ್ಜನ ಕಾಲದಿಂದ ಟಾಂಗಾ ಓಡಿಸುವ ಮನೆ. ಈಗ ಲಾಯದಲ್ಲಿ ಎರಡೇ ಕುದುರೆ. ಹಿಂದಿನ ವಾರ ನಮ್ಮ ಬೀದಿಯವರ ಗಂಡು ಕುದುರೆಯೊಂದು ಹೊಟ್ಟೆಶೂಲೆಯಿಂದ ಸತ್ತಿತು. ಸಂಜೆ ಪ್ರವಾಸಿಗರು ಪ್ರೀತಿಯಿಂದ ಏನೇನು ತಿನ್ನಿಸಿದ್ದರೋ ಗೊತ್ತಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಮುಂಗಾಲಿನಿಂದ ನೆಲ ಕೆರೆಯಲು ಶುರು ಮಾಡಿತು, ತಿರುಗಿ ತಿರುಗಿ ಪಕ್ಕೆ ನೋಡಿಕೊಂಡಿತು, ಆಮೇಲೆ ಬಿದ್ದು ಹೊರಳಿತು. ಯಾರೋ ಹಿರಿಯರು ಬಂದು ಗೊಟ್ಟದಲ್ಲಿ (ಬಾಯಿಗೆ ಔಷಧ ಸುರಿಯುವ ಬಿದಿರಿನ ಕೊಳವೆ) ಎಳ್ಳೆಣ್ಣೆ ಕುಡಿಸಿದರು. ಅರ್ಧ ಎಣ್ಣೆ ಮೂಗಿನಿಂದ ಹೊರಗೆ ಬಂತು. ವೈದ್ಯರು ಬಂದು ನೋವಿಗೆ ಚುಚ್ಚುಮದ್ದು ಕೊಟ್ಟರು. ಕುದುರೆಯ ಮೂಗಿನಿಂದ ಹೊಟ್ಟೆಗೆ ಹಾಕುವ ಉದ್ದನೆಯ ಕೊಳವೆ ಅವರ ಬಳಿ ಇರಲಿಲ್ಲ. ಬೆಳಗಿನ ಜಾವಕ್ಕೆ ಕುದುರೆ ಹೋಯಿತು.

ವೈದ್ಯರನ್ನು ದೂರುವುದು ನನ್ನ ಉದ್ದೇಶವಲ್ಲ. ಆ ಮನುಷ್ಯ ಮಧ್ಯರಾತ್ರಿ ಎದ್ದು ಬಂದರು. ನನ್ನ ಪ್ರಶ್ನೆ ಬೇರೆ. 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ಎಂಬ ಸರ್ಕಾರಿ ಪಶು ಚಿಕಿತ್ಸಾ ವಾಹನ ಮನೆ ಬಾಗಿಲಿಗೆ ಬರುತ್ತದೆ ಎನ್ನುತ್ತಾರೆ. ಅದು ಕುದುರೆಗೂ ಆಗುತ್ತದೆಯೇ? ವಾಹನ ಬರುವವರೆಗೆ ನಾವು ಏನು ಮಾಡಬೇಕು, ಏನು ಮಾಡಬಾರದು? ತಿಳಿದವರು ಹೇಳಿ.

ಲಾಯದವಳು, ಬೆಂಗಳೂರು ಗ್ರಾಮಾಂತರ

ನಾನು ಸವಾರಿ ಶಾಲೆಯೊಂದರ ಲಾಯ ನೋಡಿಕೊಳ್ಳುತ್ತೇನೆ. ನೇರವಾಗಿ ಹೇಳುತ್ತೇನೆ: ಸರ್ಕಾರಿ ವಾಹನವನ್ನು ನಂಬಿ ಕುದುರೆ ಸಾಕುವ ಹಾಗಿಲ್ಲ. ರೇಸ್ ಕೋರ್ಸಿನ ಕುದುರೆಗಳಿಗೆ ಅವರದೇ ವೈದ್ಯರಿದ್ದಾರೆ, ಅಶ್ವಾರೋಹಿ ಪೊಲೀಸರಿಗೆ ಅವರದೇ ವ್ಯವಸ್ಥೆ ಇದೆ. ಮಿಕ್ಕವರು ಟಾಂಗಾದವರು, ಮದುವೆ ಮೆರವಣಿಗೆಯವರು, ನಮ್ಮಂಥ ಸಣ್ಣ ಶಾಲೆಗಳವರು. ನಮಗೆ ಕುದುರೆಗೆಂದೇ ಸಜ್ಜಾದ ಪ್ರತ್ಯೇಕ ಆಂಬ್ಯುಲೆನ್ಸ್ ಬೇಕು. ಇಳಿಜಾರು ಹಲಗೆ, ಒಳಗೆ ಮೆತ್ತನೆಯ ಗೋಡೆ, ಬಿದ್ದ ಪ್ರಾಣಿಯನ್ನು ಎಳೆದುಕೊಳ್ಳುವ ಜಾರುಹಾಸು, ಇವೆಲ್ಲ ಇರುವಂಥದ್ದು. ಎಲ್ಲರೂ ಸೇರಿ ಮನವಿ ಕೊಡೋಣ.

ವಾದಪ್ರಿಯ

ಹಸು ಸಾಕುವ ರೈತನಿಗೇ ವೈದ್ಯರು ಸಿಗದ ತಾಲ್ಲೂಕುಗಳಿವೆ. ಇನ್ನು ಕುದುರೆಗೆ ಪ್ರತ್ಯೇಕ ಆಂಬ್ಯುಲೆನ್ಸ್ ಅಂತೆ! 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶಕ್ಕೆ ಸುಮಾರು 3.4 ಲಕ್ಷ ಕುದುರೆಗಳಿದ್ದವು. 2012ರಲ್ಲಿ ಇದ್ದದ್ದು 6 ಲಕ್ಷಕ್ಕೂ ಹೆಚ್ಚು. ಅರ್ಧಕ್ಕರ್ಧ ಕರಗಿಹೋಗುತ್ತಿರುವ ಪ್ರಾಣಿಗೆ ಹೊಸ ವಾಹನ ಯಾರ ದುಡ್ಡಿನಲ್ಲಿ?

ಕುರಿಗಾಹಿ, ಚಿಕ್ಕೋಡಿ ಕಡೆ

ವಾದಪ್ರಿಯರೇ, ಕುದುರೆ ಎಂದರೆ ರೇಸು, ಮದುವೆ ಎಂದಷ್ಟೇ ತಿಳಿಯಬೇಡಿ. ನಮ್ಮ ಕುರಿ ಹಿಂಡುಗಳ ಜೊತೆ ತಟ್ಟು ಎಂಬ ಸಣ್ಣ ಕುದುರೆಗಳು ನಡೆಯುತ್ತವೆ. ಪಾತ್ರೆ, ಹಾಸಿಗೆ, ಬಲೆ, ಆಗ ತಾನೇ ಹುಟ್ಟಿದ ಕುರಿಮರಿ ಎಲ್ಲವೂ ಅದರ ಬೆನ್ನ ಮೇಲೆ. ಭೀಮಾ ತೀರದ ಭೀಮಥಡಿ ಕುದುರೆಗೆ ಈಚೆಗೆ ತಳಿ ಎಂಬ ಮಾನ್ಯತೆಯೂ ಸಿಕ್ಕಿದೆ, ಅದು ಈ ಅಲೆಮಾರಿ ಬದುಕಿನದೇ ಕುದುರೆ. ಒಂದು ತಟ್ಟು ಸತ್ತರೆ ಇಡೀ ಹಟ್ಟಿ ನಿಂತುಬಿಡುತ್ತದೆ. ಆದರೆ ಆಂಬ್ಯುಲೆನ್ಸ್ ಬಂದರೂ ನಮ್ಮ ಬಳಿಗೆ ಹೇಗೆ ಬರುತ್ತದೆ? ಇವತ್ತು ಈ ಹೊಲ, ನಾಳೆ ಇನ್ನೊಂದು ಊರಿನ ಹೊಲ. ಫೋನಿನಲ್ಲಿ ವಿಳಾಸ ಕೇಳಿದರೆ ಏನೆಂದು ಹೇಳುವುದು?

ನಿವೃತ್ತ ಪಶುವೈದ್ಯ

ಸೇವೆಯಲ್ಲಿದ್ದಾಗ ಹಳೇ ಮೈಸೂರು, ಉತ್ತರ ಕರ್ನಾಟಕ ಎರಡೂ ಕಡೆ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

1962 ಎಲ್ಲ ಸಾಕುಪ್ರಾಣಿಗಳಿಗೂ ಇರುವ ಉಚಿತ ಸಹಾಯವಾಣಿ. ಕುದುರೆ, ಕತ್ತೆಗಳೂ ಅದರಲ್ಲಿ ಸೇರಿವೆ. 2022ರಲ್ಲಿ ನಮ್ಮ ರಾಜ್ಯದಲ್ಲಿ 275 ಸಂಚಾರಿ ಪಶು ಚಿಕಿತ್ಸಾ ವಾಹನಗಳು ಬಂದವು. ಕೇಂದ್ರದ ಯೋಜನೆಯ ಲೆಕ್ಕ ಸುಮಾರು ಒಂದು ಲಕ್ಷ ಜಾನುವಾರುಗಳಿಗೆ ಒಂದು ವಾಹನ. ಒಳಗೆ ಒಬ್ಬ ವೈದ್ಯ, ಒಬ್ಬ ಸಹಾಯಕ, ಒಬ್ಬ ಚಾಲಕ. ಒಂದು ಮಾತು ನೆನಪಿರಲಿ: ಅದು ಪ್ರಾಣಿಯನ್ನು ಹೊತ್ತೊಯ್ಯುವ ವಾಹನವಲ್ಲ, ವೈದ್ಯನನ್ನು ಪ್ರಾಣಿಯ ಬಳಿಗೆ ತರುವ ವಾಹನ. ಬರುವ ಕರೆಗಳಲ್ಲಿ ಬಹುಪಾಲು ಹಸು, ಎಮ್ಮೆ, ಕುರಿ, ಮೇಕೆಗಳದ್ದು. ಹಾಗಾಗಿ ಚೀಲದಲ್ಲಿರುವುದೂ ಅವುಗಳ ಸಾಮಾನೇ. ಹೊಟ್ಟೆ ಉಬ್ಬರಕ್ಕೆ ಚುಚ್ಚುವ ಟ್ರೋಕಾರ್ ಇರುತ್ತದೆ, ಕರು ಎಳೆಯುವ ಹಗ್ಗ ಇರುತ್ತದೆ. ಕುದುರೆಯ ಮೂಗಿನ ಕೊಳವೆ ಇರಲೇಬೇಕೆಂದಿಲ್ಲ.

ಆ ಕೊಳವೆಗೆ ಯಾಕೆ ಇಷ್ಟು ಮಹತ್ವ? ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅನ್ನನಾಳ ಜಠರವನ್ನು ಸೇರುವಲ್ಲಿ ಇರುವ ಸ್ನಾಯು ಒಳಗೆ ಹೋದದ್ದನ್ನು ಹಿಂದೆ ಬಿಡುವುದಿಲ್ಲ. ಅಷ್ಟು ದೊಡ್ಡ ದೇಹಕ್ಕೆ ಜಠರ ಮಾತ್ರ ಸಣ್ಣದು, ಹಿಡಿಯುವುದು 8ರಿಂದ 15 ಲೀಟರ್. ಕೆಳಗೆ ಕರುಳು ಕಟ್ಟಿಕೊಂಡರೆ ದ್ರವ ಮೇಲೆ ತುಂಬುತ್ತಾ ಹೋಗುತ್ತದೆ, ಕೊನೆಗೆ ಜಠರ ಒಡೆಯುತ್ತದೆ. ಮೂಗಿನಿಂದ ಕೊಳವೆ ಇಳಿಸಿ ಅದನ್ನು ಖಾಲಿ ಮಾಡಿದರೆ ಹಲವು ಕುದುರೆಗಳು ಅಲ್ಲೇ ನಿರಾಳವಾಗುತ್ತವೆ. ಇದೇ ಕಾರಣಕ್ಕೆ ಗೊಟ್ಟ ಹಾಕುವುದು ಎರಡು ಬಗೆಯಲ್ಲಿ ಅಪಾಯ. ತುಂಬಿದ ಹೊಟ್ಟೆಗೆ ಇನ್ನಷ್ಟು ತುಂಬಿಸಿದಂತೆ, ಜೊತೆಗೆ ಎಣ್ಣೆ ಶ್ವಾಸನಾಳಕ್ಕೆ ಇಳಿಯುತ್ತದೆ. ಮೂಗಿನಿಂದ ಎಣ್ಣೆ ಬಂತು ಎಂದು ಜಟಕಾಮನೆಯವರು ಬರೆದಿದ್ದಾರಲ್ಲ, ಒಂದಷ್ಟು ಶ್ವಾಸಕೋಶಕ್ಕೂ ಹೋಗಿರುತ್ತದೆ. ಶೂಲೆಯಿಂದ ಬದುಕಿದ್ದರೂ ಆ ಕುದುರೆ ನ್ಯುಮೋನಿಯಾದಿಂದ ನರಳುತ್ತಿತ್ತು. ಹಸುವಿಗೆ ಗೊಟ್ಟ ಹಾಕಿ ಪಳಗಿದ ಕೈ ಕುದುರೆಯ ವಿಷಯದಲ್ಲಿ ಸುಮ್ಮನಿರುವುದನ್ನು ಕಲಿಯಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಲಾಯದವಳು ಅವರಿಗಿಂತ ಬೇರೆ. ಹೊಸ ವಾಹನಕ್ಕಿಂತ ಮೊದಲು ಬೇಕಾದದ್ದು ಫೋನಿನಲ್ಲಿ ಹೇಳಲು ನಾಲ್ಕು ಸರಿಯಾದ ಮಾತು. "ಕುದುರೆಗೆ ಹುಷಾರಿಲ್ಲ, ಬೇಗ ಬನ್ನಿ" ಎಂದರೆ ವೈದ್ಯನಿಗೆ ಏನೂ ತಿಳಿಯುವುದಿಲ್ಲ. "ನಾಡಿ ನಿಮಿಷಕ್ಕೆ 72, ಒಸಡು ಇಟ್ಟಿಗೆ ಕೆಂಪು, ಮಧ್ಯಾಹ್ನದಿಂದ ಲದ್ದಿ ಹಾಕಿಲ್ಲ, ಎಡಪಕ್ಕೆಯಲ್ಲಿ ಸದ್ದೇ ಇಲ್ಲ" ಎಂದರೆ ಅವನು ಕೊಳವೆಯನ್ನು ಎಲ್ಲಿಂದಲಾದರೂ ಹುಡುಕಿ ತರುತ್ತಾನೆ.

ಜಟಕಾಮನೆ, ಮೈಸೂರು

ನಾಡಿ ಎಲ್ಲಿ ನೋಡುವುದು ಸಾರ್? ನಾವು ಯಾರೂ ನೋಡಿಲ್ಲ.

ನಿವೃತ್ತ ಪಶುವೈದ್ಯ

ಕೆಳದವಡೆಯ ಮೂಳೆಯ ಅಂಚಿನ ಮೇಲೆ, ಕೆನ್ನೆಯ ದೊಡ್ಡ ಸ್ನಾಯು ಶುರುವಾಗುವ ಜಾಗಕ್ಕೆ ಸ್ವಲ್ಪ ಮುಂದೆ, ಪೆನ್ಸಿಲಿನಷ್ಟು ದಪ್ಪದ ಒಂದು ನಾಳ ಬೆರಳಿನಡಿ ಜಾರುತ್ತದೆ. ಅದನ್ನು ಮೂಳೆಗೆ ಹಗುರವಾಗಿ ಒತ್ತಿ ಹಿಡಿಯಿರಿ. ಹೆಬ್ಬೆರಳು ಬೇಡ, ನಿಮ್ಮದೇ ನಾಡಿ ಎಣಿಸಿಬಿಡುತ್ತೀರಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಗೆ 28ರಿಂದ 44 ಸಹಜ. ಶೂಲೆಯಲ್ಲಿ 60 ದಾಟಿ ಅಲ್ಲೇ ನಿಂತರೆ ಗಂಭೀರ. ಜ್ವರ ನೋಡಲು ಸಾಮಾನ್ಯ ಥರ್ಮಾಮೀಟರ್ ಸಾಕು, ಗುದದ್ವಾರದಲ್ಲಿ ಇಟ್ಟು ನೋಡಬೇಕು. ದಾರ ಕಟ್ಟಿ ಬಾಲಕ್ಕೆ ಸಿಕ್ಕಿಸಿ, ಇಲ್ಲದಿದ್ದರೆ ಒಳಗೆ ಹೋಗಿಬಿಡುತ್ತದೆ. 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಉಸಿರು ನಿಮಿಷಕ್ಕೆ 8ರಿಂದ 16.

ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಪಕ್ಕೆಗೆ ಕಿವಿ ಇಟ್ಟರೆ ದೂರದ ಗುಡುಗಿನಂಥ ಸದ್ದು ಆಗಾಗ ಕೇಳಬೇಕು. ಏನೂ ಕೇಳದಿರುವುದು ಕೆಟ್ಟ ಲಕ್ಷಣ. ಇದನ್ನೆಲ್ಲ ಕುದುರೆ ಚೆನ್ನಾಗಿರುವ ದಿನವೇ ಅಭ್ಯಾಸ ಮಾಡಿ, ನಿಮ್ಮ ಕುದುರೆಯ ಸಹಜ ಅಂಕಿಗಳನ್ನು ಲಾಯದ ಗೋಡೆಯ ಮೇಲೆ ಬರೆದಿಡಿ.

ಇನ್ನೊಂದು ಮಾತು ಬಹಳ ಕೇಳುತ್ತೇನೆ. ಹೊರಳಿದರೆ ಕರುಳು ತಿರುಚಿಕೊಳ್ಳುತ್ತದೆ, ಬೆಳಗಿನವರೆಗೂ ನಡೆಸುತ್ತಲೇ ಇರಬೇಕು ಎಂಬುದು. ಹತ್ತು ಹದಿನೈದು ನಿಮಿಷ ನಡೆಸಿದರೆ ಒಳ್ಳೆಯದೇ. ರಾತ್ರಿಯಿಡೀ ನಡೆಸಿ ಪ್ರಾಣಿಯನ್ನೂ ಮನುಷ್ಯನನ್ನೂ ಸುಸ್ತು ಮಾಡುವುದರಿಂದ ಲಾಭವಿಲ್ಲ. ಸುಮ್ಮನೆ ಮಲಗಿದ್ದರೆ ಮಲಗಲಿ. ಹುಚ್ಚೆದ್ದು ಹೊರಳುತ್ತಿದ್ದರೆ ಅಗಲವಾದ ಜಾಗಕ್ಕೆ ಬಿಟ್ಟು ದೂರ ನಿಲ್ಲಿ. ಮೇವು ತೆಗೆಯಿರಿ. ನೀರು ಎದುರಿಗಿರಲಿ, ಬಲವಂತ ಬೇಡ.

ಲಾಯದವಳು, ಬೆಂಗಳೂರು ಗ್ರಾಮಾಂತರ

ಡಾಕ್ಟರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನನ್ನ ಬೇಡಿಕೆಯನ್ನು ಬಿಡುವುದಿಲ್ಲ. ಕರುಳು ನಿಜವಾಗಿಯೂ ತಿರುಚಿಕೊಂಡಿದ್ದರೆ ಕೊಳವೆ, ಚುಚ್ಚುಮದ್ದು ಎರಡೂ ಉಳಿಸುವುದಿಲ್ಲ. ಶಸ್ತ್ರಚಿಕಿತ್ಸೆಯೇ ಆಗಬೇಕು, ಅದೂ ಕೆಲವೇ ಗಂಟೆಗಳಲ್ಲಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ, ಸರಿ. ಅಲ್ಲಿಗೆ ಮುಟ್ಟಿಸುವುದು ಹೇಗೆ? ಟೆಂಪೋ ಚಾಲಕನಿಗೆ ರಾತ್ರಿ ಫೋನ್ ಮಾಡಿದರೆ ಒದೆಯುವ ಪ್ರಾಣಿ ಎಂದು ಹಿಂದೆ ಸರಿಯುತ್ತಾನೆ. ನಮ್ಮ ಸುತ್ತಮುತ್ತಲಿನ ಲಾಯಗಳವರು ಸೇರಿ ಒಂದು ಹಳೆಯ ಸಾಗಣೆ ವಾಹನ ಕೊಂಡು, ನೆಲಕ್ಕೆ ರಬ್ಬರ್ ಹಾಸಿ, ಇಳಿಜಾರು ಹಲಗೆ ಮಾಡಿಸಿದ್ದೇವೆ. ಯಾರಿಗೆ ಬೇಕೋ ಅವರು ಡೀಸೆಲ್ ಹಾಕಿಸಿ ಒಯ್ಯುತ್ತಾರೆ. ಎಲ್ಲ ಕುದುರೆಗಳಿಗೂ ಅದರೊಳಗೆ ಹತ್ತಿ ಇಳಿಯುವ ಅಭ್ಯಾಸ ಮಾಡಿಸಿದ್ದೇವೆ. ಜೀವಮಾನದಲ್ಲಿ ವಾಹನ ಹತ್ತದ ಕುದುರೆಯನ್ನು ನೋವಿನ ರಾತ್ರಿ ಹತ್ತಿಸುತ್ತೇನೆ ಎಂದರೆ ಆಗುವ ಮಾತಲ್ಲ.

ದುಬೈ ಲಾಯ

ಊರು ಕೊಪ್ಪಳ, ಕೆಲಸ ದುಬೈಯ ಲಾಯವೊಂದರಲ್ಲಿ. ಇಲ್ಲಿ ಮರಳುಗಾಡಿನಲ್ಲಿ ದೂರದ ಓಟ ನಡೆಯುತ್ತದೆ. ಪ್ರತಿ ಹಂತದ ಕೊನೆಗೆ ವೈದ್ಯರ ತಪಾಸಣೆ. ಅಂತಾರಾಷ್ಟ್ರೀಯ ನಿಯಮದಂತೆ ನಿಗದಿತ ನಿಮಿಷಗಳೊಳಗೆ ಹೃದಯ ಬಡಿತ 64ಕ್ಕೆ ಇಳಿಯದಿದ್ದರೆ ಕುದುರೆ ಓಟದಿಂದ ಹೊರಗೆ. ಹಾಗಾಗಿ ತಂಪು ಮಾಡುವುದೇ ಇಲ್ಲಿ ಒಂದು ವಿದ್ಯೆ.

ಊರಿನಲ್ಲಿ ನಮ್ಮ ಹಿರಿಯರು ಬಿಸಿಯಾದ ಕುದುರೆಗೆ ತಣ್ಣೀರು ಹಾಕಬೇಡ, ಮೈ ಹಿಡಿದುಕೊಳ್ಳುತ್ತದೆ ಎನ್ನುತ್ತಿದ್ದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮೊದಲು ನಡೆದ ಸಂಶೋಧನೆಗಳು ಆ ನಂಬಿಕೆಯನ್ನು ಅಲ್ಲಗಳೆದವು. ತಣ್ಣೀರನ್ನು ಮೈಮೇಲೆಲ್ಲ ಸುರಿಯುತ್ತಲೇ ಇರಬೇಕು, ಕುತ್ತಿಗೆ, ಎದೆ, ಬೆನ್ನು, ಚಪ್ಪೆ ಎಲ್ಲ ಕಡೆ. ಒದ್ದೆ ಬಟ್ಟೆ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿಯುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಗಾಡಿ ಓಟಕ್ಕೆ ಬಿಡುವವರು ಇದನ್ನು ತಿಳಿದಿರಬೇಕು. ಇನ್ನೊಂದು: ಓಡಿದರೂ ಬೆವರದ ಕುದುರೆ ಇದ್ದರೆ ಹೆಮ್ಮೆ ಪಡಬೇಡಿ. ಸೆಕೆಯ ಊರುಗಳಲ್ಲಿ ಕೆಲವು ಕುದುರೆಗಳ ಬೆವರು ನಿಂತೇಹೋಗುತ್ತದೆ. ಅವು ಕುದಿಯುತ್ತಿರುತ್ತವೆ, ಹೊರಗೆ ತೋರುವುದಿಲ್ಲ.

ವಾದಪ್ರಿಯ

ಸರಿ, ಆಂಬ್ಯುಲೆನ್ಸ್ ವಾದವನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಆದರೆ ಡಾಕ್ಟರೇ, ಹಸುವಿನ ವೈದ್ಯ ಕುದುರೆಗೆ ಚಿಕಿತ್ಸೆ ಕೊಟ್ಟರೆ ಏನಾದರೂ ಎಡವಟ್ಟು ಆಗುತ್ತದೆಯೇ? ಓದಿದ್ದು ಒಂದೇ ಪದವಿ ಅಲ್ಲವೇ?

ನಿವೃತ್ತ ಪಶುವೈದ್ಯ

ಪದವಿ ಒಂದೇ, ಕೈಬಳಕೆ ಬೇರೆ. ಆದರೆ ಎಡವಟ್ಟುಗಳಲ್ಲಿ ಹೆಚ್ಚಿನವು ವೈದ್ಯರು ಬರುವ ಮೊದಲೇ ಆಗಿರುತ್ತವೆ. ಮೂರು ಸಂಗತಿಗಳನ್ನು ಹೇಳಲೇಬೇಕು.

ಉಣ್ಣಿ ಹುಳಕ್ಕೆಂದು ಹಸುವಿನ ಮೈಗೆ ಹಚ್ಚುವ ಅಮಿಟ್ರಾಜ್ ದ್ರಾವಣ ಪ್ರತಿ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಉಳಿದದ್ದನ್ನು ಕುದುರೆಗೂ ಬಳಿದುಬಿಡುತ್ತಾರೆ. ಕುದುರೆಯಲ್ಲಿ ಅದು ಕರುಳಿನ ಚಲನೆಯನ್ನೇ ನಿಲ್ಲಿಸಿ ಲದ್ದಿ ಕಟ್ಟುವಂತೆ ಮಾಡುತ್ತದೆ. ಅಮಿಟ್ರಾಜ್ ಕುದುರೆಗೆ ಬೇಡವೇ ಬೇಡ.

ಎರಡನೆಯದು ಕೋಳಿ ಆಹಾರ, ಕೆಲವು ಬಗೆಯ ಪಶು ಆಹಾರ. ಅವುಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆಸಿರುವುದುಂಟು. ಕೋಳಿಗೆ, ದನಕ್ಕೆ ಅದು ಉಪಕಾರಿ. ಕುದುರೆಗೆ ಅತ್ಯಲ್ಪ ಪ್ರಮಾಣವೂ ವಿಷ, ಹೃದಯದ ಸ್ನಾಯುವನ್ನೇ ಹಾಳು ಮಾಡುತ್ತದೆ. ಹುರುಳಿ ದುಬಾರಿಯಾಯಿತೆಂದು ಪಕ್ಕದ ಮನೆಯ ಚೀಲದಿಂದ ಒಂದು ಸೇರು ಹಾಕುವುದು ಅಪಾಯ.

ಮೂರನೆಯದು ನೋವಿನ ಚುಚ್ಚುಮದ್ದು. ಔಷಧದಂಗಡಿಯಿಂದ ಫ್ಲುನಿಕ್ಸಿನ್ ತಂದು ಮಾಲೀಕರೇ ಕುತ್ತಿಗೆಯ ಸ್ನಾಯುವಿಗೆ ಚುಚ್ಚುತ್ತಾರೆ. ಕುದುರೆಯ ಸ್ನಾಯುವಿನಲ್ಲಿ ಅದು ಒಮ್ಮೊಮ್ಮೆ ಕೊಳೆಯುವ ಸೋಂಕಿಗೆ ದಾರಿಯಾಗುತ್ತದೆ, ಶೂಲೆಗಿಂತ ಅದೇ ಕೊಲ್ಲುತ್ತದೆ. ರಕ್ತನಾಳಕ್ಕೇ ಕೊಡಬೇಕು, ಅದನ್ನು ಬಲ್ಲವರೇ ಕೊಡಬೇಕು. ಮೇಲಾಗಿ ನೋವು ಅಡಗಿದ್ದರಿಂದ ರೋಗ ವಾಸಿಯಾಯಿತೆಂದು ಮಲಗಿಬಿಡುತ್ತೀರಿ, ಒಳಗೆ ಕರುಳು ಕಪ್ಪಾಗುತ್ತಿರುತ್ತದೆ. ಪ್ರಮಾಣಗಳನ್ನು ಇಲ್ಲಿ ಬರೆಯುವುದಿಲ್ಲ, ಕೇಳಬೇಡಿ.

ಪ್ರಮಾಣ ಲೆಕ್ಕ ಹಾಕಲು ವೈದ್ಯರಿಗೆ ತೂಕ ಬೇಕು. ನಮ್ಮ ತಟ್ಟು 200 ಕಿಲೋ ಆಸುಪಾಸು, ರೇಸ್ ಕುದುರೆ 450, 500. ಕಣ್ಣಂದಾಜು ಕೈಕೊಡುತ್ತದೆ. ದರ್ಜಿಯ ಟೇಪಿನಿಂದ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 140, ಉದ್ದ 130 ಇದ್ದರೆ ತೂಕ ಸುಮಾರು 215 ಕಿಲೋ.

ಕುರಿಗಾಹಿ, ಚಿಕ್ಕೋಡಿ ಕಡೆ

ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ ಹೆಚ್ಚು ಕಾಟ ಗೊರಸಿಗೆ ಮೊಳೆ, ಜಾಲಿ ಮುಳ್ಳು ಚುಚ್ಚುವುದು. ನಾವು ಕಿತ್ತು ಅರಿಶಿನ ತುಂಬುತ್ತೇವೆ.

ನಿವೃತ್ತ ಪಶುವೈದ್ಯ

ಮುಳ್ಳಾದರೆ ಕೀಳಿ. ಕಬ್ಬಿಣದ ಮೊಳೆ ಗೊರಸಿನ ನಡುಭಾಗದಲ್ಲಿ, ಅಂಗಾಲಿನ ಮೆತ್ತನೆಯ ಕವಲಿನ ಹತ್ತಿರ ನೆಟ್ಟಿದ್ದರೆ ಅವಸರ ಬೇಡ. ಒಳಗೆ ಕೀಲಿದೆ, ಅದಕ್ಕೆ ತಾಗಿದೆಯೋ ಇಲ್ಲವೋ ಎಂಬುದು ಮೊಳೆ ಇದ್ದ ಹಾಗೆಯೇ ಎಕ್ಸ್‌ರೇ ತೆಗೆದರೆ ತಿಳಿಯುತ್ತದೆ. ಕಾಲು ಊರಿದರೆ ಇನ್ನೂ ಒಳಗೆ ಹೋಗುತ್ತದೆ ಎನ್ನುವಂತಿದ್ದರೆ ಮಾತ್ರ ಕೀಳಿ. ಕೀಳುವ ಮೊದಲು ಮೊಬೈಲಿನಲ್ಲಿ ಎರಡು ದಿಕ್ಕಿನಿಂದ ಚಿತ್ರ ತೆಗೆದು, ತೂತಿಗೆ ಬಣ್ಣದ ಗುರುತು ಹಾಕಿ, ಮೊಳೆಯನ್ನು ಎಸೆಯದೆ ಇಟ್ಟುಕೊಳ್ಳಿ. ಎಷ್ಟು ಆಳ ಹೋಗಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಧನುರ್ವಾಯು ಕುದುರೆಯನ್ನು ಹಿಡಿಯುವಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಯನ್ನು ಹಿಡಿಯುವುದಿಲ್ಲ. ಅದರ ಲಸಿಕೆಯ ಬೆಲೆ ಒಂದು ಜೊತೆ ಲಾಳಕ್ಕಿಂತ ಕಡಿಮೆ. ಹಾಕಿಸದೇ ಇರಲು ಯಾವ ನೆಪವೂ ಇಲ್ಲ.

ವಿಳಾಸದ ವಿಷಯ: ಮೊಬೈಲಿನಲ್ಲಿ ನೀವಿರುವ ಜಾಗವನ್ನು ನಕ್ಷೆಯಾಗಿ ವೈದ್ಯರ ಸಂಖ್ಯೆಗೆ ಕಳಿಸಬಹುದು. ಹೊಸ ಊರಿಗೆ ಹಟ್ಟಿ ಹಾಕಿದ ದಿನವೇ ಅಲ್ಲಿನ ಪಶು ಆಸ್ಪತ್ರೆಯ ಸಂಖ್ಯೆ ಕೇಳಿ ಇಟ್ಟುಕೊಳ್ಳಿ. ಒಬ್ಬ ಹುಡುಗನನ್ನು ಡಾಂಬರು ರಸ್ತೆಗೆ ಟಾರ್ಚ್ ಕೊಟ್ಟು ನಿಲ್ಲಿಸಿ.

ಗಂಟೆ 101

ಅಗ್ನಿಶಾಮಕ ದಳದಲ್ಲಿ ಇದ್ದವನು. ಚರಂಡಿಗೆ, ಬಾವಿಗೆ ಬಿದ್ದ ಕುದುರೆಗೆ ನಮ್ಮನ್ನು ಕರೆಯುತ್ತಾರೆ. ನಾವು ಹೋಗುವಷ್ಟರಲ್ಲಿ ಜನ ಕುತ್ತಿಗೆಗೆ ಹಗ್ಗ ಬಿಗಿದು ಎಳೆಯುತ್ತಿರುತ್ತಾರೆ, ಇನ್ನು ಕೆಲವರು ಬಾಲ ಹಿಡಿದಿರುತ್ತಾರೆ. ಎರಡೂ ತಪ್ಪು. ಕುತ್ತಿಗೆಯ ಹಗ್ಗ ಉಸಿರು ಕಟ್ಟಿಸುತ್ತದೆ, ಬಾಲದ ಮೂಳೆ ಬೆನ್ನುಮೂಳೆಯ ಮುಂದುವರಿಕೆ. ಅಗಲವಾದ ಪಟ್ಟಿ ಎದೆಯ ಸುತ್ತ, ತೊಡೆಯ ಹಿಂದೆ ಬರಬೇಕು. ವೈದ್ಯರು ಮಂಪರು ಔಷಧ ಕೊಟ್ಟ ಮೇಲೆಯೇ ಎತ್ತಬೇಕು. 101ಕ್ಕೂ 1962ಕ್ಕೂ ಒಟ್ಟಿಗೆ ಕರೆ ಹೋಗಲಿ. ನಾವು ಬಂದು ವೈದ್ಯರಿಗಾಗಿ ಕಾಯುವುದು, ಅವರು ಬಂದು ನಮಗಾಗಿ ಕಾಯುವುದು ಎರಡೂ ನೋಡಿದ್ದೇನೆ.

ಬಿದ್ದ ಕುದುರೆಯ ಬಳಿ ಯಾವಾಗಲೂ ಬೆನ್ನಿನ ಕಡೆ ನಿಲ್ಲಿ, ಕಾಲುಗಳ ಕಡೆ ಅಲ್ಲ. ಟಾಂಗಾದಲ್ಲಿ ಕುಸಿದರೆ ಮೊದಲು ಒಬ್ಬರು ಕಿವಿಯ ಹಿಂದೆ ಕುತ್ತಿಗೆಯನ್ನು ಮೆಲ್ಲಗೆ ಒತ್ತಿ ಹಿಡಿದು ಕುದುರೆಯ ಕಣ್ಣು ಮುಚ್ಚಬೇಕು. ತಲೆ ಎತ್ತಲಾಗದ ಕುದುರೆ ಏಳಲಾರದು. ಆಮೇಲೆ ಸರಂಜಾಮು ಕತ್ತರಿಸಿ. ಚರ್ಮದ ಪಟ್ಟಿ ಹೋಗಲಿ ಬಿಡಿ.

ಲಾಯದವಳು, ಬೆಂಗಳೂರು ಗ್ರಾಮಾಂತರ

ಮರಿ ಹಾಕುವಾಗಿನ ತುರ್ತು ಯಾರೂ ಎತ್ತಲಿಲ್ಲ. ಕುದುರೆ ಹೆಚ್ಚಾಗಿ ರಾತ್ರಿ ಹೊತ್ತೇ, ಅದೂ ನೀವು ಚಹಾ ಕುಡಿಯಲು ಹೋದಾಗಲೇ ಈನುತ್ತದೆ! ನೀರು ಒಡೆದ ಮೇಲೆ ಅರ್ಧ ಗಂಟೆಯೊಳಗೆ ಮರಿ ಹೊರಗೆ ಬರಬೇಕು, ಹಸುವಿನ ಹಾಗೆ ಗಂಟೆಗಟ್ಟಲೆ ಕಾಯುವಂತಿಲ್ಲ. ಬಿಳಿ ಪೊರೆಯ ಬದಲು ಕೆಂಪು ಮಖಮಲ್ಲಿನಂಥ ಚೀಲ ಮೊದಲು ಕಂಡರೆ ಮಾಸು ಮುಂಚೆಯೇ ಕಳಚಿದೆ ಎಂದರ್ಥ, ಒಳಗೆ ಮರಿಗೆ ಉಸಿರಿಲ್ಲ. ವಾಹನಕ್ಕೆ ಕಾಯಬಾರದು. ಚೀಲವನ್ನು ಆಗಲೇ ಹರಿದು, ಫೋನಿನಲ್ಲಿ ವೈದ್ಯರನ್ನು ಇಟ್ಟುಕೊಂಡು, ತಾಯಿ ಮುಕ್ಕಿರಿದಾಗ ಮರಿಯನ್ನು ಎಳೆಯಬೇಕು. ಆಮೇಲೆ ಮರಿ ಒಂದು ಗಂಟೆಯಲ್ಲಿ ನಿಲ್ಲಬೇಕು, ಎರಡು ಗಂಟೆಯಲ್ಲಿ ಗಿಣ್ಣುಹಾಲು ಕುಡಿಯಬೇಕು, ಮೂರು ಗಂಟೆಯಲ್ಲಿ ಮಾಸು ಬೀಳಬೇಕು. ಬೀಳದಿದ್ದರೆ ಎಳೆಯದೆ ವೈದ್ಯರನ್ನು ಕರೆಯಿರಿ.

ಜಟಕಾಮನೆ, ಮೈಸೂರು

ನಮ್ಮ ಸ್ಟ್ಯಾಂಡಿನಲ್ಲಿ ಮಾತನಾಡಿದೆವು. ದುಡ್ಡು ಸೇರಿಸಿ ಮೂಗಿನ ಕೊಳವೆ, ಪಂಪು ಕೊಂಡು ಒಂದೇ ಜಾಗದಲ್ಲಿ ಇಡುವುದೆಂದು ತೀರ್ಮಾನವಾಯಿತು. ಯಾವ ವೈದ್ಯರು ಬಂದರೂ ಬಳಸಬಹುದಲ್ಲ? ಇನ್ನೊಂದು ಸಂಶಯ. ಒಂದು ಕುದುರೆಯ ಮೂಗಿನಲ್ಲಿ ದಪ್ಪನೆಯ ಅಂಟು ಸಿಂಬಳ ಬರುತ್ತಿದೆ, ಕಾಲಿನ ಮೇಲೆ ಗಂಟುಗಳೂ ಇವೆ.

ನಿವೃತ್ತ ಪಶುವೈದ್ಯ

ಕೊಳವೆ ಒಳ್ಳೆಯ ಕೆಲಸ. ಆದರೆ ಸಾಮಾನು ನಿಮ್ಮದು, ಹಾಕುವುದು ವೈದ್ಯರು. ತಪ್ಪಿ ಶ್ವಾಸನಾಳಕ್ಕೆ ಇಳಿದರೆ ಗೊಟ್ಟಕ್ಕಿಂತ ಕೇಡು.

ಸಿಂಬಳ ಮತ್ತು ಗಂಟು ಒಟ್ಟಿಗೆ ಇದ್ದರೆ ಇವತ್ತೇ ಆ ಕುದುರೆಯನ್ನು ಬೇರೆ ಕಟ್ಟಿ ಪಶು ಇಲಾಖೆಗೆ ತಿಳಿಸಿ. ಆ ಕೊಳವೆಯನ್ನು ಅದಕ್ಕೆ ಬಳಸಲೇಬೇಡಿ. ಬೇರೇನೋ ಸಾಮಾನ್ಯ ಸೋಂಕು ಇರಬಹುದು, ಆದರೆ ಗ್ಲಾಂಡರ್ಸ್ ಎಂಬ ಮಾರಕ ಅಂಟುರೋಗ ಅಲ್ಲ ಎಂದು ಖಚಿತವಾಗುವವರೆಗೆ ಕೈಗವಸು, ಮುಖಗವಸು ಇಲ್ಲದೆ ಮುಟ್ಟಬೇಡಿ. ಅದು ಮನುಷ್ಯರಿಗೂ ಹರಡುತ್ತದೆ, ಲಸಿಕೆ ಇಲ್ಲ. ರಕ್ತದ ಮಾದರಿಯ ಪರೀಕ್ಷೆಗೆ ಹಿಸಾರ್‌ನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ. ದೃಢಪಟ್ಟರೆ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ಕಾಯ್ದೆಯಂತೆ ದಯಾಮರಣ, ಮಾಲೀಕರಿಗೆ ಪರಿಹಾರ. ಮುಚ್ಚಿಟ್ಟರೆ ಸ್ಟ್ಯಾಂಡಿನ ಎಲ್ಲ ಕುದುರೆಗಳನ್ನೂ ಕಳೆದುಕೊಳ್ಳುತ್ತೀರಿ.

ಜಟಕಾಮನೆ, ಮೈಸೂರು

ಬೇರೆ ಕಟ್ಟಿದ್ದೇವೆ. ನಾಳೆ ಬೆಳಗ್ಗೆ ಮಾದರಿ ತೆಗೆಯಲು ಬರುತ್ತೇವೆ ಎಂದಿದ್ದಾರೆ.

ಇಟ್ಟಿಗೆಗೂಡು, ಕಲಬುರಗಿ

ನಮ್ಮಲ್ಲಿ ಇರುವುದು ಕತ್ತೆಗಳು. ಮೇಲೆ ಹೇಳಿದ್ದೆಲ್ಲ ಅವುಗಳಿಗೂ ಹೊಂದುತ್ತದೆಯೇ?

ನಿವೃತ್ತ ಪಶುವೈದ್ಯ

ಗೊಟ್ಟ, ಮೊಳೆ, ಧನುರ್ವಾಯು, ಗ್ಲಾಂಡರ್ಸ್ ಎಲ್ಲ ಹಾಗೆಯೇ. ವ್ಯತ್ಯಾಸ ಇರುವುದು ನೋವು ತೋರಿಸುವ ರೀತಿಯಲ್ಲಿ. ಕುದುರೆ ಹೊರಳಿ ಊರೆಲ್ಲ ಎಬ್ಬಿಸುವಷ್ಟು ನೋವಿದ್ದರೂ ಕತ್ತೆ ತಲೆ ತಗ್ಗಿಸಿ ಮೂಲೆಯಲ್ಲಿ ನಿಂತಿರುತ್ತದೆ, ಅಷ್ಟೇ. ಆದ್ದರಿಂದ ಒಂದು ಹೊತ್ತು ಮೇವು ಬಿಟ್ಟರೂ ಅದನ್ನು ತುರ್ತು ಎಂದೇ ತಿಳಿದು ಕರೆ ಮಾಡಿ. ತಿನ್ನದೆ ಇದ್ದರೆ ಮೈಯ ಕೊಬ್ಬು ಕರಗಿ ರಕ್ತಕ್ಕೆ ಇಳಿದು ಯಕೃತ್ತು ಕೆಡುತ್ತದೆ, ಮೂಲ ರೋಗ ವಾಸಿಯಾದರೂ ಅದು ಕೊಲ್ಲುತ್ತದೆ. ನೋವಿನ ಔಷಧ ಕತ್ತೆಯ ದೇಹದಲ್ಲಿ ಬೇಗ ಕರಗಿಹೋಗುವುದರಿಂದ ಕೊಡುವ ಅಂತರವೂ ಬೇರೆ. ಹಾಗಾಗಿ ಕರೆ ಮಾಡಿದಾಗ ಮೊದಲ ಮಾತಿನಲ್ಲೇ ಕತ್ತೆ ಎಂದು ಹೇಳಿ. ಜೊತೆಗಾರ ಕತ್ತೆಯನ್ನು ಬೇರ್ಪಡಿಸಬೇಡಿ, ಸೋಂಕಿನ ಸಂಶಯ ಇದ್ದಾಗ ಮಾತ್ರ ಬೇರೆ ಮಾತು. ಒಂಟಿಯಾದರೆ ಅದು ತಿನ್ನುವುದನ್ನು ಇನ್ನಷ್ಟು ಬಿಡುತ್ತದೆ.